ನೀವು ಹೋದರೆ ಇಲ್ಲಿ ಯಾರು?

ನಾನು ಕೆಲಸ ಮಾಡುವ ಆಸ್ಪತ್ರೆಯವರು ಇಷ್ಟು ವರ್ಷ ನನ್ನನ್ನು ಯಾವ ತರಬೇತಿಗೂ ಕಳಿಸದೆ ಇದ್ದುದಕ್ಕೆ ಕಾರಣ ಒಂದೇ: ನನಗೆ ಕೆಲಸ ಬರುತ್ತಿತ್ತು. ಕೆಲಸ ಬರದವರನ್ನು ಕಳಿಸಿದರೆ ಆಸ್ಪತ್ರೆಗೆ ತೊಂದರೆಯಿರಲಿಲ್ಲ, ಅವರು ಇದ್ದರೂ ಒಂದೇ, ಹೋದರೂ ಒಂದೇ. ಹೀಗೆಂದರೆ ಜನ ನಾನು ಹೊಟ್ಟೆಕಿಚ್ಚಿನಿಂದ ಮಾತಾಡುತ್ತಿದ್ದೇನೆ ಎನ್ನುತ್ತಾರೆ. ಹೊಟ್ಟೆಕಿಚ್ಚು ಇದೆ, ಇಲ್ಲ ಎಂದವರು ಯಾರು? ಆದರೆ ಮಾತು ಸುಳ್ಳಲ್ಲ.

ನಾಗಪುರದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ವಾಯುಪಡೆಯಲ್ಲಿದ್ದ ಧಾರವಾಡ ಕಡೆಯವರನ್ನು ಮದುವೆಯಾಗಿ ಈ ಊರಿಗೆ ಬಂದೆ. ಕ್ವಾರ್ಟರ್ಸಿನಲ್ಲಿ ಕೂತು ಗೋಡೆ ನೋಡುವುದು ಬೇಸರವಾಗಿ, ಕಲಿತದ್ದು ಕೈಬಿಟ್ಟುಹೋಗಬಾರದೆಂದು ಆಸ್ಪತ್ರೆ ಸೇರಿದೆ. ಗಂಡನಿಗೆ ಬೇರೆ ಬೇರೆ ಕಡೆ ವರ್ಗವಾದರೂ ನಾನು ಇಲ್ಲೇ ಉಳಿದೆ. ಅವರು ನಿವೃತ್ತರಾಗಿ ಬಂದು ಇಲ್ಲಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾದಾಗ ಮನೆಯಲ್ಲಿ ಮತ್ತೆ ಇಬ್ಬರಾದೆವು.

ನಾನು ಸೇರಿದಾಗ ಫಿಲ್ಮಿನ ಕಾಲ. ಕೆಂಪು ದೀಪದ ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ಚೌಕಟ್ಟಿಗೆ ಸಿಕ್ಕಿಸಿ, ಡೆವಲಪರ್ ದ್ರಾವಣದಲ್ಲಿ ಅದ್ದಿ, ತೊಳೆದು, ಫಿಕ್ಸರಿನಲ್ಲಿ ಮುಳುಗಿಸಿ, ಮತ್ತೆ ತೊಳೆದು ಒಣಗಿಸಬೇಕು. ಪುಸ್ತಕದಲ್ಲಿ ಇರುವುದು ಇಷ್ಟೇ. ನಾಗಪುರದ ಮೇ ತಿಂಗಳು ಪುಸ್ತಕದಲ್ಲಿಲ್ಲ. ಇಲ್ಲಿ ನಲ್ಲಿಯ ನೀರೇ ಕೈ ಸುಡುತ್ತದೆ. ಡೆವಲಪರ್ ಬಿಸಿಯಾದರೆ ಫಿಲ್ಮು ಕರ್ರಗಾಗಿ ಮೂಳೆಯೂ ಕಾಣದು, ಮಾಂಸವೂ ಕಾಣದು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಐಸ್ ಗಡ್ಡೆ ತರಿಸಿ, ಗೋಣಿಚೀಲದಲ್ಲಿ ಹಾಕಿ ಕುಟ್ಟಿ, ತೊಟ್ಟಿಯ ಸುತ್ತ ತುಂಬುತ್ತಿದ್ದೆ. ದ್ರಾವಣಕ್ಕೆ ಬೆರಳು ತಾಗಿಸಿ ಹದ ನೋಡುವುದು ಅಭ್ಯಾಸವಾಗಿತ್ತು. ಎಷ್ಟು ಸಾಬೂನು ಹಾಕಿದರೂ ಫಿಕ್ಸರಿನ ಹುಳಿವಾಸನೆ ಕೈ ಬಿಡುತ್ತಿರಲಿಲ್ಲ. ರೊಟ್ಟಿ ತಟ್ಟಿ ಬಡಿಸಿದರೆ ಗಂಡ ಮೂಗು ಮುಚ್ಚಿಕೊಂಡು ಕೀಟಲೆ ಮಾಡುತ್ತಿದ್ದರು.

ನನ್ನ ನಂತರ ಒಬ್ಬ ಸಹೋದ್ಯೋಗಿ ಬಂದ. ಇದೇ ಊರಿನವನು, ನನಗಿಂತ ಚಿಕ್ಕವನು. ಮರಾಠಿಯಲ್ಲಿ ಅಕ್ಕನಿಗೆ ಹೇಳುವಂತೆ ನನ್ನನ್ನು ‘ತಾಈ’ ಎನ್ನುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಯಾರ ಮನೆಯಲ್ಲಿ ಸಾವಾಗಲಿ, ಯಾರ ಗಾಡಿ ಕೆಡಲಿ, ಮೊದಲು ಓಡುವವನು ಅವನೇ. ಆದರೆ ಅವನ ಕೆನ್ನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಖರ್ರಾ ಇರುತ್ತಿತ್ತು. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ ಈ ಪುಡಿ ಅರ್ಧ ನಾಗಪುರದ ಬಾಯಲ್ಲಿರುತ್ತದೆ. ಎದೆಯ ಎಕ್ಸ್‌ರೇ ತೆಗೆಯುವಾಗ ರೋಗಿಗೆ ಉಸಿರು ಬಿಗಿಹಿಡಿಯಿರಿ ಎಂದು ಕೂಗಿ ಹೇಳಬೇಕಲ್ಲ? ಬಾಯಿ ತುಂಬ ಖರ್ರಾ ಇಟ್ಟುಕೊಂಡವನು ಏನು ಹೇಳಿಯಾನು? ಗಾಜಿನ ಆಚೆಯಿಂದ ಕೈ ಮೇಲೆತ್ತುತ್ತಿದ್ದ. ಅದನ್ನು ನೋಡಿ ಕೆಲವು ರೋಗಿಗಳು ತಾವೂ ಕೈ ಎತ್ತಿಬಿಡುತ್ತಿದ್ದರು. ಫಿಲ್ಮು ಅಲುಗಾಡಿ ಬರುತ್ತಿತ್ತು, ನಾನು ಮತ್ತೊಮ್ಮೆ ತೆಗೆಯುತ್ತಿದ್ದೆ.

ಮೊದಲ ಬದಲಾವಣೆ ಕಂಪ್ಯೂಟರಿನ ರೂಪದಲ್ಲಿ ಬಂತು. ಕತ್ತಲೆ ಕೋಣೆ ಬೇಡ, ದ್ರಾವಣ ಬೇಡ, ಫಿಲ್ಮಿನ ಬದಲು ಇಡುವ ಚಪ್ಪಟೆ ಕ್ಯಾಸೆಟ್ಟನ್ನು ಒಂದು ಯಂತ್ರದ ಬಾಯಿಗೆ ಕೊಟ್ಟರೆ ಚಿತ್ರ ಪರದೆಯ ಮೇಲೆ ಬರುತ್ತದೆ ಎಂದರು. ಅದನ್ನು ಮಾರಿದ ಕಂಪನಿ ಪುಣೆಯಲ್ಲಿ ಒಬ್ಬರಿಗೆ ತರಬೇತಿ ಕೊಡುತ್ತದೆಂದು ತಿಳಿಯಿತು. ಹಿರಿಯಳು ನಾನೇ, ನಾನೇ ಹೋಗುವುದೆಂದುಕೊಂಡಿದ್ದೆ. ವಿಭಾಗದ ಮುಖ್ಯಸ್ಥರಾದ ಡಾಕ್ಟರು ಕರೆದರು. ಅವರು ಮರಾಠಿಯವರು, ಮೃದುವಾಗಿ ಮಾತಾಡುವವರು. ಕುರ್ಚಿ ತೋರಿಸಿ, ಚಹಾ ತರಿಸಿ, ಹೇಳಿದರು:

“ಮ್ಯಾಡಮ್, ನೀವು ಹೋದರೆ ಇಲ್ಲಿ ಯಾರು? ಅವನನ್ನು ನಂಬಿ ನಾನು ವಿಭಾಗ ಬಿಡೋದಕ್ಕಾಗುತ್ತಾ? ಅವನೇ ಹೋಗಿ ಬರಲಿ. ಬಂದು ನಿಮಗೆ ಹೇಳಿಕೊಡ್ತಾನೆ.”

ಆವತ್ತು ಮನೆಗೆ ಬಂದು ಈ ಮಾತನ್ನು ನಾನು ಪದಕದ ಹಾಗೆ ಗಂಡನಿಗೆ ತೋರಿಸಿದೆ. ನೋಡಿದಿರಾ, ಡಾಕ್ಟರು ಹೀಗೆಂದರು, ನಾನಿಲ್ಲದೆ ನಡೆಯುವುದಿಲ್ಲವಂತೆ. ಗಂಡ ಚಪಾತಿ ಹರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಅಲ್ಲs, ಕೆಲಸ ಬರೂ ಮಂದೀನ ಕೋರ್ಸಿಗೆ ಕಳಿಸ್ಬೇಕೋ, ಬರದಿರೂ ಮಂದೀನ ಕಳಿಸ್ಬೇಕೋ? ನಮ್ಮಲ್ಲಿ ಆಗಿದ್ರ ಕೇಳ್ತಿದ್ದಿಲ್ಲ. ಕೋರ್ಸ್ ಬಂತು, ಹೊಂಟ, ಅಷ್ಟs.”

“ನಿಮ್ಮಲ್ಲೆ ಮಂದಿ ಭಾಳ ಇರ್ತಾರ್ರೀ. ನಮ್ಮಲ್ಲೆ ಇಬ್ಬರs ಅದೀವಿ.”

“ಇಬ್ಬರs ಇದ್ರೂ ಒಬ್ಬಾಕಿ ಹೋಗಬೇಕಿತ್ತು. ಬರೋಬರ್ ಅಲ್ಲಿದು.”

ಅವರು ವಾಯುಪಡೆಯಲ್ಲಿ ರೇಡಿಯೊ ದುರಸ್ತಿಯಲ್ಲಿದ್ದವರು. ಹೊಸ ಸೆಟ್ಟು ಬಂದರೆ ಕೋರ್ಸು, ತೋಳಿಗೆ ಬಡ್ತಿಯ ಪಟ್ಟಿ ಸಿಗಬೇಕಾದರೆ ಕೋರ್ಸು. ಹೆಂಡತಿಗೆ ಹೆರಿಗೆಯಾಗಲಿ, ತಂದೆ ಹಾಸಿಗೆ ಹಿಡಿದಿರಲಿ, ಹುಕುಂ ಬಂದರೆ ಹೊರಡುವುದೇ. ಆ ಕೋರ್ಸುಗಳನ್ನು ನಾನು ಎಷ್ಟು ಶಪಿಸಿದ್ದೆನೋ! ನಮ್ಮ ಮಗಳು ಹುಟ್ಟಿದಾಗಲೂ ಅವರು ಯಾವುದೋ ಕೋರ್ಸಿನಲ್ಲಿದ್ದರು. ಆದರೆ ಕಲಿಯುವುದನ್ನು ಮೇಲಿನವರ ಮರ್ಜಿಗೆ, ಕೆಳಗಿನವರ ಮುಲಾಜಿಗೆ ಬಿಡಬಾರದು ಎಂಬುದು ಆ ಪಡೆಗೆ ಗೊತ್ತಿತ್ತು. ನಮ್ಮ ಆಸ್ಪತ್ರೆಗೆ ಗೊತ್ತಿರಲಿಲ್ಲ.

ಸಹೋದ್ಯೋಗಿ ಪುಣೆಗೆ ಹೋಗಿ ಬಂದ. ಕಂಪನಿಯ ಚೀಲ, ಕಂಪನಿಯ ಸ್ಟೀಲ್ ಬಾಟಲಿ, ನಮಗೆಲ್ಲ ತಿನ್ನಲು ಪುಣೆಯ ಬಾಕರವಡಿ ತಂದ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದ. ನನಗೆ ಹೇಳಿಕೊಟ್ಟದ್ದು ಯಂತ್ರದ ಗುಂಡಿ ಎಲ್ಲಿದೆ ಎಂಬುದು. ಉಳಿದದ್ದನ್ನು ಕೇಳಿದರೆ, “ತಾಈ, ಅವರು ಪ್ರೊಜೆಕ್ಟರ್ ಹಾಕಿ ದೀಪ ಆರಿಸಿದರು, ಊಟ ಬೇರೆ ಭಾರಿಯಾಗಿತ್ತು” ಎಂದು ಪ್ರಾಮಾಣಿಕವಾಗಿ ನಕ್ಕ.

ಉಳಿದದ್ದನ್ನು ನಾನು ಕದ್ದು ಕಲಿತೆ. ಯಂತ್ರ ನೋಡಲು ಬರುವ ಕಂಪನಿಯ ಎಂಜಿನಿಯರಿಗೆ ತರ್ರಿ ಪೋಹೆ, ಎಂದರೆ ಖಾರದ ಸಾರು ಸುರಿದ ಇಲ್ಲಿಯ ಅವಲಕ್ಕಿ, ತರಿಸಿಕೊಟ್ಟು, ಅವನು ತಿನ್ನುತ್ತ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಇದೇನು, ಅದೇಕೆ ಎಂದು ಪೀಡಿಸುತ್ತಿದ್ದೆ. ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಯಂತ್ರದ ಮುಂದೆ ಕೂತು ಒಂದೊಂದೇ ಒತ್ತಿ ನೋಡುತ್ತಿದ್ದೆ. ತಪ್ಪು ಒತ್ತಿ ಪರದೆ ಕಪ್ಪಾದರೆ ಆರಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಕೆಲವು ತಿಂಗಳಲ್ಲಿ ನನ್ನ ಕೈ ಕೂತಿತು. ಡಾಕ್ಟರು ಬೆನ್ನು ತಟ್ಟಿದರು. ಬೆನ್ನು ತಟ್ಟುವುದರಲ್ಲಿ ಅವರು ಎಂದೂ ಕೈ ಹಿಂದೆ ತೆಗೆದವರಲ್ಲ.

ಎರಡನೆಯ ಸಲ ಪೂರ್ತಿ ಡಿಜಿಟಲ್ ಎಕ್ಸ್‌ರೇ ಬಂತು. ತರಬೇತಿ ಹೈದರಾಬಾದಿನಲ್ಲಿ. ಈ ಬಾರಿ ನಾನು ಬಾಯಿಬಿಟ್ಟು ಕೇಳಿದೆ. ಮತ್ತೆ ಕುರ್ಚಿ, ಮತ್ತೆ ಚಹಾ, ಮತ್ತೆ ಅದೇ ಮಾತು. ಸಹೋದ್ಯೋಗಿ ಹೆಂಡತಿಗೆ ಮುತ್ತಿನ ಸರ ತಂದ. ನಾನು ಮತ್ತೆ ಎಂಜಿನಿಯರಿಗೆ ಪೋಹೆ ತರಿಸಿದೆ.

ಆದರೆ ಈ ಯಂತ್ರಕ್ಕೆ ಒಂದು ಹೊಸ ಹಟವಿತ್ತು. ಶುರುಮಾಡುವಾಗ ನೀನು ಯಾರು ಎಂದು ಕೇಳುತ್ತಿತ್ತು. ಹೆಸರು, ಗುಪ್ತಪದ ಕೊಟ್ಟರೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ತರಬೇತಿ ಪಡೆದವರ ಹೆಸರನ್ನಷ್ಟೇ ಕಂಪನಿ ಅದರೊಳಗೆ ಸೇರಿಸುತ್ತಿತ್ತು. ಸೇರಿದ್ದು ಸಹೋದ್ಯೋಗಿಯ ಹೆಸರೊಂದೇ. ಅವನ ಮಗಳ ಹೆಸರೇ ಗುಪ್ತಪದ. ಮೊದಲ ದಿನವೇ ಅವನು ಅದನ್ನು ಕಾರಿಡಾರಿನ ಆ ತುದಿಯಿಂದ ನನಗೆ ಕೂಗಿ ಹೇಳಿದ. ನಾನು ಬೆಳಿಗ್ಗೆ ಬಂದು ಅವನ ಹೆಸರಿನಲ್ಲಿ ಯಂತ್ರ ತೆರೆದು ಸಂಜೆಯವರೆಗೆ ಕೆಲಸ ಮಾಡುತ್ತಿದ್ದೆ. ಬುಟಿಬೋರಿಯ ಕಾರ್ಖಾನೆಯಲ್ಲಿ ಬೆರಳು ಜಜ್ಜಿಸಿಕೊಂಡವರು, ಮೌದಾದ ವಿದ್ಯುತ್ ಸ್ಥಾವರದಿಂದ ಎದೆ ಕಟ್ಟಿ ಬಂದವರು, ಬಚ್ಚಲಲ್ಲಿ ಜಾರಿದ ಅಜ್ಜಿಯರು, ಎಲ್ಲರ ಚಿತ್ರದ ಕೆಳಗೂ ಅವನ ಹೆಸರು ಬರುತ್ತಿತ್ತು. ಇದರಲ್ಲಿ ಮೋಸವೇನೂ ನಮಗೆ ಕಾಣಲಿಲ್ಲ. ಕೆಲಸ ಆಗಬೇಕು, ಆಗುತ್ತಿತ್ತು. ನನ್ನ ಹೆಸರನ್ನೂ ಸೇರಿಸಿ ಎಂದು ಎಂಜಿನಿಯರಿಗೆ ಹೇಳಿದೆ. ತರಬೇತಿಯಾಗದೆ ಸೇರಿಸಲು ಬರುವುದಿಲ್ಲ ಮ್ಯಾಡಮ್ ಎಂದು, ಪೋಹೆ ತಿಂದ ಕೈ ಒರೆಸಿಕೊಂಡ.

ಇಷ್ಟರ ಮೇಲೆ ಸಿ.ಟಿ. ಸ್ಕ್ಯಾನ್ ಬರುವ ಸುದ್ದಿ ಬಂತು. ಹೊಸ ಕಟ್ಟಡ, ತಣ್ಣಗಿನ ಕೋಣೆ, ಗೋಡೆಗೆ ಸೀಸದ ಹಾಳೆ. ತರಬೇತಿ ಮತ್ತೆ ಪುಣೆಯಲ್ಲಿ. ಆಡಳಿತದವರು ಸಭೆ ಕರೆದು ಸ್ಪಷ್ಟವಾಗಿ ಹೇಳಿದರು: ಇನ್ನು ಎಕ್ಸ್‌ರೇ, ಸಿ.ಟಿ. ಎಲ್ಲ ಸೇರಿ ಒಂದೇ ವಿಭಾಗ, ಅಲ್ಲಿರುವವರಿಗೆ ಎರಡೂ ಬರಬೇಕು, ಸಿ.ಟಿ. ಕಲಿಯದವರನ್ನು ಬೇರೆ ಕೆಲಸಕ್ಕೆ ಹಾಕುತ್ತೇವೆ. ನನಗೆ ಮುಖ್ಯ ಟೆಕ್ನಿಷಿಯನ್ ಆಗುವ ಆಸೆ ಇರಲಿಲ್ಲ ಎಂದರೆ ಯಾರೂ ನಂಬಲಾರರು, ಆದರೆ ನಿಜ. ನನಗೆ ಬೇಕಾಗಿದ್ದುದು ನಿವೃತ್ತಿಯಾಗುವ ತನಕ ಯಂತ್ರದ ಮುಂದೆ ಇರುವುದು. ಮನುಷ್ಯನ ಒಳಗಿನದು ಪರದೆಯ ಮೇಲೆ ಮೂಡುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಅದೊಂದು ಹೋದರೆ ನಾನು ಆ ಆಸ್ಪತ್ರೆಯಲ್ಲಿ ಯಾರೂ ಅಲ್ಲ ಎಂದು ಗೊತ್ತಿತ್ತು.

ಡಾಕ್ಟರ ಕೋಣೆಗೆ ಹೋಗಿ, ಚಹಾ ಬೇಡ ಸರ್ ಎಂದೆ. ಈ ಬಾರಿ ಪುಣೆಗೆ ನಾನೇ ಹೋಗಬೇಕು, ಇಲ್ಲದಿದ್ದರೆ ನನ್ನ ಗತಿ ಏನಾಗುತ್ತದೆಂದು ನಿಮಗೆ ಗೊತ್ತಿದೆ ಎಂದೆ. ಅವರು ಎರಡೂ ಕೈ ಎತ್ತಿ, ನೀವೇ ಮ್ಯಾಡಮ್, ನೀವಲ್ಲದೆ ಬೇರೆ ಯಾರು ಎಂದರು. ಹೆಸರೂ ಹೋಯಿತು, ರೈಲಿನ ಟಿಕೆಟ್ಟೂ ಆಯಿತು. ನಾನು ಮೊಬೈಲಿನಲ್ಲಿ ಪಾಠದ ವಿಡಿಯೊ ಹಾಕಿಕೊಂಡು ಮೆಟ್ರೊದಲ್ಲೂ ಅಡುಗೆಮನೆಯಲ್ಲೂ ನೋಡುತ್ತಿದ್ದೆ. ಕುಕ್ಕರಿನ ಸೀಟಿ ಕೇಳದೆ ಬೇಳೆ ಸೀದುಹೋದರೂ ಗಂಡ ಅದನ್ನೇ ಹಾಕಿಕೊಂಡು ಉಂಡರು. ಮಗಳು ಫೋನು ಮಾಡಿ, “ಅಮ್ಮಾ, ಪರೀಕ್ಷಾ ಐತೇನ? ಏಕ್‌ದಮ್ ಕಾಲೇಜ್ ಹುಡುಗಿ ಹಂಗ ಆಗೀ ನೀ” ಎಂದು ರೇಗಿಸಿದಳು. ಆ ವಾರ ನಾನು ಬಹಳ ಸಂತೋಷದಲ್ಲಿದ್ದೆ.

ನಾನು ಹೊರಡುವ ಹಿಂದಿನ ದಿನ ಬುಟಿಬೋರಿಯ ಕಡೆ ಹೆದ್ದಾರಿಯಲ್ಲಿ ಕಾರ್ಖಾನೆಯ ಪಾಳಿ ಬಸ್ಸೊಂದು ಮಗುಚಿತು. ಬೆಳಿಗ್ಗೆ ಬಂದ ಗಾಯಾಳುಗಳು ಸ್ಟ್ರೆಚರ್ ಸಾಲದೆ ಕಾರಿಡಾರಿನ ನೆಲದ ಮೇಲೆಲ್ಲ ಮಲಗಿದ್ದರು. ಕೂಗು, ರಕ್ತ, ಹುಡುಕಿಕೊಂಡು ಬಂದ ಮನೆಯವರು. ಸಹೋದ್ಯೋಗಿ ಸ್ಟ್ರೆಚರ್ ತಳ್ಳಿದ, ನೀರು ಕೊಟ್ಟ, ಅಳುವವರನ್ನು ಹಿಡಿದುಕೊಂಡ. ಯಂತ್ರದ ಮುಂದೆ ನಾನಿದ್ದೆ. ಮುರಿದ ತೊಡೆಯವರನ್ನು ಅಲುಗಿಸದೆ, ಮಲಗಿದಲ್ಲೇ ಕೋನ ಹೊಂದಿಸಿ, ಒಂದು ಚಿತ್ರವನ್ನೂ ಕೆಡಿಸದೆ ತೆಗೆದೆ. ಸಂಜೆಯ ಹೊತ್ತಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಏಪ್ರನ್ ಬಿಚ್ಚಿ ಕೂತಿದ್ದಾಗ ಡಾಕ್ಟರು ತಾವೇ ನನ್ನ ಬಳಿ ಬಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

“ಇವತ್ತು ಕಣ್ಣಾರೆ ನೋಡಿದೆ, ಮ್ಯಾಡಮ್. ನಾಳೆ ಇವರದೇ ಮತ್ತೆ ಚಿತ್ರ ಬೇಕು. ನಾಳೆ ಇನ್ನೊಂದು ಬಸ್ಸು ಬಂದರೆ? ನೀವು ಹೋದರೆ ಇಲ್ಲಿ ಯಾರು?”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಾಲಿಗೆಗೆ ಬಂದದ್ದನ್ನು ಹೇಳಿದೆ.

“ಸರ್, ಇವತ್ತು ನಾನು ಎಲ್ಲ ಚಿತ್ರ ಕೆಡಿಸಿದ್ದರೆ ಕಳಿಸುತ್ತಿದ್ದಿರಾ?”

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ರಜೆ ಹಾಕಿ ನನ್ನ ಖರ್ಚಿನಲ್ಲೇ ಹೋಗುತ್ತೇನೆ ಎಂದೆ. ಕಂಪನಿ ಕೊಟ್ಟಿರುವುದು ಆಸ್ಪತ್ರೆ ಕಳಿಸಿದವರಿಗೆ ಮ್ಯಾಡಮ್, ರಜೆಯಲ್ಲಿರುವವರಿಗಲ್ಲ ಎಂದರು. ಮುಂದಿನ ಬ್ಯಾಚಿಗೆ ಖಂಡಿತ ಎಂದು ಮೂಗಿಗೆ ತುಪ್ಪ ಸವರಿದರು. ಮುಂದಿನ ಬ್ಯಾಚು ಇರಲಿಲ್ಲ. ಯಂತ್ರದ ಜೊತೆ ಒಬ್ಬರಿಗೆ ಮಾತ್ರ ತರಬೇತಿ ಪುಕ್ಕಟೆ.

ಸಹೋದ್ಯೋಗಿ ಬಂದು ಖರ್ರಾ ಉಗುಳಿ ಬಾಯಿ ತೊಳೆದು ನನ್ನ ಮುಂದೆ ನಿಂತ. “ತಾಈ, ನಾನು ಹೋಗಲ್ಲ ಅಂತ ಹೇಳಿಬಿಡ್ತೀನಿ.”

“ನೀನು ಹೋಗಲ್ಲ ಅಂದರೆ ನನ್ನನ್ನು ಕಳಿಸುತ್ತಾರಾ? ಸುಮ್ಮನೆ ಹೋಗು” ಎಂದೆ. ಅವನು ಹೋದ. ಕಲಿಸುವವರಿಗೆಂದು ನಾಗಪುರದ ಕಿತ್ತಳೆಯ ಸಿಹಿ, ಸಂತ್ರಾ ಬರ್ಫಿಯ ಡಬ್ಬಿ ತೆಗೆದುಕೊಂಡು ಹೋದನಂತೆ.

ಮನೆಯಲ್ಲಿ ಗಂಡ ಊಟಕ್ಕೆ ಕೂತಾಗ ತಾಟು ದೂರ ಸರಿಸಿದರು.

“ನಾಳೆಯಿಂದ ಕೆಲಸ ಕೆಡಿಸು. ಒಂದ್ ವಾರ ಕೆಡಿಸಿ ನೋಡು. ತಾವs ಕಾಲಿಗೆ ಬಿದ್ದು ಕಳಿಸ್ತಾರ.”

“ಹೆಂಗ ಕೆಡಸ್ಲಿರೀ? ಅಲ್ಲಿ ಮಂದಿ ಕೈಕಾಲು ಮುರಕೊಂಡು ಬಂದಿರ್ತಾರ. ಡಾಕ್ಟರ್ ಮ್ಯಾಲಿನ ಸಿಟ್ಟು ಅವರ ಮ್ಯಾಲ ತೀರಿಸ್ಲ್ಯಾ?”

“ಹಂಗಾರ ಅಳಬ್ಯಾಡ.”

ನಾನು ಅಳುತ್ತಿದ್ದೆನೆಂದು ಆಗ ನನಗೆ ತಿಳಿಯಿತು.

ಸಿ.ಟಿ. ಬಂತು. ಈ ಸಲ ಸಹೋದ್ಯೋಗಿ ಸ್ವಲ್ಪ ಕಲಿತೇ ಬಂದಿದ್ದ, ನನಗೆ ಹೇಳಿಕೊಡಲು ಪ್ರಯತ್ನವನ್ನೂ ಮಾಡಿದ. ಉಳಿದದ್ದಕ್ಕೆ ನನ್ನ ವಿಡಿಯೊಗಳಿದ್ದವು. ಕೆಲಸ ನಡೆಯುತ್ತಿದ್ದುದರಿಂದ ನನ್ನನ್ನು ಬೇರೆಡೆ ಹಾಕುವ ಮಾತನ್ನು ಆಡಳಿತದವರು ಆಗ ಎತ್ತಲಿಲ್ಲ. ಅದರೊಳಗೂ ಅವನ ಹೆಸರು, ಅದೇ ಮಗಳ ಹೆಸರಿನ ಗುಪ್ತಪದ. ತಲೆ, ಎದೆ, ಹೊಟ್ಟೆ, ಸ್ಕ್ಯಾನು ತೆಗೆದವಳು ನಾನು. ಅವನು ಹೊರಗೆ ರೋಗಿಗಳನ್ನು ಸಾಲಾಗಿ ಕೂರಿಸುತ್ತಿದ್ದ, ಸಂಬಂಧಿಕರನ್ನು ಸಮಾಧಾನ ಮಾಡುತ್ತಿದ್ದ. ಅದೂ ಕೆಲಸವೇ. ಹೀಗೆ ನಾವು ಇಬ್ಬರೂ ಸುಖವಾಗಿಯೇ ಇದ್ದೆವು ಎಂದು ಹೇಳಬೇಕು. ಪುಣೆಯ ಸಿಟ್ಟು ನನ್ನಲ್ಲಿ ಅರ್ಧ ಇಳಿದೇಹೋಗಿತ್ತು. ಯಂತ್ರದ ಮುಂದೆ ನಾನಿದ್ದೆನಲ್ಲ, ಕಾಗದ ಯಾರ ಹೆಸರಿನಲ್ಲಿದ್ದರೇನು ಎಂದುಕೊಂಡೆ.

ಆಮೇಲೆ ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಬೇಕೆನಿಸಿತು. ಗೋಡೆಗಳಿಗೆ ಬಣ್ಣ ಬಂತು, ಕಾರಿಡಾರಿನಲ್ಲಿ ಬಾಣದ ಗುರುತುಗಳು ಬಂದವು, ಕೊನೆಗೆ ತಪಾಸಣೆಯವರು ಬಂದರು. ನಮ್ಮ ವಿಭಾಗಕ್ಕೆ ಬಂದವಳು ನನ್ನ ಮಗಳ ವಯಸ್ಸಿನವಳು. ಬಹಳ ಮರ್ಯಾದೆಯಿಂದ ಮಾತಾಡಿದಳು. ಈ ಯಂತ್ರ ನಡೆಸುವವರು ಯಾರು ಎಂದು ಕೇಳಿದಳು. ಡಾಕ್ಟರು ಸಹೋದ್ಯೋಗಿಯನ್ನು ತೋರಿಸಿದರು. ಬೇರೆ ಯಾರನ್ನು ತೋರಿಸಿಯಾರು? ಯಂತ್ರದ ಒಳಗೆಲ್ಲ ಅವನ ಹೆಸರೇ ಇತ್ತು. ಆಮೇಲೆ ನನ್ನ ಫೈಲು ತೆರೆದಳು. ಹಿಂದೆ ಮುಂದೆ ತಿರುವಿದಳು.

“ಮ್ಯಾಡಮ್, ಡಿಪ್ಲೊಮಾ ಆದಮೇಲೆ ನೀವು ಏನನ್ನೂ ಕಲಿತಿಲ್ಲವಾ? ಇಷ್ಟು ವರ್ಷದಲ್ಲಿ ಒಂದೂ ತರಬೇತಿ ಇಲ್ಲವಾ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕನಿಕರವಿತ್ತು. ಡಾಕ್ಟರು ಕಿಟಕಿಯ ಕಡೆ ನೋಡುತ್ತಿದ್ದರು. ಸಹೋದ್ಯೋಗಿ ಬಾಯಿ ತೆರೆದ, ಅವರು ಕಣ್ಣಲ್ಲೇ ತಡೆದರು. ನಾನು ಇಲ್ಲ ಎಂದೆ.

ತಪಾಸಣೆಯವರು ಹೋದ ಮೇಲೆ ನಾನು ಡಾಕ್ಟರ ಕೋಣೆಗೆ ನುಗ್ಗಿದೆ. ನಾನು ಸಿ.ಟಿ. ಕಲಿತಿದ್ದೇನೆ, ದಿನವೂ ನಡೆಸುತ್ತಿದ್ದೇನೆ ಎಂದು ನೀವೇ ಬರೆದು ಸಹಿ ಮಾಡಿಕೊಡಿ, ಅಷ್ಟು ಸಾಕು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಗೆ ಬರೆದರೆ ಏನಾಗುತ್ತೆ ಯೋಚಿಸಿ, ಮ್ಯಾಡಮ್. ತರಬೇತಿ ಇಲ್ಲದವರು ಇನ್ನೊಬ್ಬರ ಹೆಸರಲ್ಲಿ ಯಂತ್ರ ನಡೆಸಿದರು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ. ನಿಮಗೂ ತೊಂದರೆ, ಅವನಿಗೂ ತೊಂದರೆ.”

“ನಿಮಗೂ” ಎಂದೆ.

“ಹೌದು, ನನಗೂ” ಎಂದರು. ಅಷ್ಟರ ಮಟ್ಟಿಗೆ ಅವರು ಸುಳ್ಳು ಹೇಳಲಿಲ್ಲ.

ಹೀಗೆ ನಾನು ಕಲಿತದ್ದೇ ನನ್ನ ಅಪರಾಧವಾಯಿತು. ಕಲಿಯದೆ ಹಾಗೇ ಇದ್ದಿದ್ದರೆ ಪಾಪ, ಅವಕಾಶ ಸಿಗಲಿಲ್ಲ ಎಂದಾದರೂ ಹೇಳಬಹುದಿತ್ತು. ಕಲಿತವಳು ಬಾಯಿಮುಚ್ಚಿಕೊಂಡು ಕಲಿಯದವಳ ಹಾಗೆ ನಿಲ್ಲಬೇಕಾಯಿತು. ವಿಭಾಗಕ್ಕೆ ಪದವಿ ಮುಗಿಸಿದ ಇಬ್ಬರು ಹೊಸಬರು ಬಂದರು. ಸಹೋದ್ಯೋಗಿ ಮುಖ್ಯ ಟೆಕ್ನಿಷಿಯನ್ ಆದ. ನನ್ನನ್ನು ಕೆಳಗಿನ ರಿಸೆಪ್ಷನ್ನಿಗೆ ಹಾಕಿದರು. ವಿಕಿರಣ ಎಷ್ಟು ತಾಗಿತೆಂದು ಅಳೆಯಲು ನಾವು ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಬ್ಯಾಜು ಇರುತ್ತದೆ. ಅದನ್ನು ಬಿಚ್ಚಿ ಕೊಟ್ಟು ಹೋಗಿ ಎಂದರು. ಕೊಟ್ಟೆ. ಸಹೋದ್ಯೋಗಿ ಅದನ್ನು ಇಸಿದುಕೊಳ್ಳುವಾಗ ನನ್ನ ಮುಖ ನೋಡಲಾರದೆ ಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಬರುವುದಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೊಂದು ಶನಿವಾರ ಆಡಳಿತದವರು ಹೊರಗಿನಿಂದ ಭಾಷಣಕಾರರನ್ನು ಕರೆಸಿದರು. ವಿಷಯ, ಬದುಕಿಡೀ ಕಲಿಯುತ್ತಿರಬೇಕಾದ ಅಗತ್ಯ. ಎಲ್ಲ ಸಿಬ್ಬಂದಿಯೂ ಸಭಾಂಗಣಕ್ಕೆ ಬರಲೇಬೇಕೆಂದು ಸುತ್ತೋಲೆ ಬಂತು. ನಾನು ಎದ್ದೆ. ಆಡಳಿತದ ಹುಡುಗಿ ಓಡಿಬಂದು, ಮ್ಯಾಡಮ್, ನೀವು ಕೂತಿರಿ, ಎಲ್ಲರೂ ಹೋದರೆ ರೋಗಿಗಳು ಬಂದಾಗ ನೋಡುವವರು ಯಾರು ಎಂದಳು. ಕೂತೆ. ಮೇಲಿನಿಂದ ಮೈಕಿನ ದನಿ ತೇಲಿಬರುತ್ತಿತ್ತು. ಕಲಿಯುವುದನ್ನು ನಿಲ್ಲಿಸಿದವರು ಕಾಲದ ಹಿಂದೆ ಉಳಿಯುತ್ತಾರೆ, ಅದಕ್ಕೆ ಅವರೇ ಹೊಣೆ ಎಂದರು. ಚಪ್ಪಾಳೆ ಬಿತ್ತು. ನನಗೆ ಮೇಲೆ ಹೋಗಿ ಆ ಮೈಕು ಕಿತ್ತು ಎಸೆಯಬೇಕೆನಿಸಿತು. ಅಷ್ಟರಲ್ಲಿ ಒಬ್ಬ ಮುದುಕ ಬಂದು ಸ್ಕ್ಯಾನಿಂಗ್ ಎಲ್ಲಿ ಎಂದು ಕೇಳಿದ, ಎಡಕ್ಕೆ ಹೋಗಿ ಬಾಬಾ ಎಂದು ತೋರಿಸಿದೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ನನ್ನನ್ನು ತರಬೇತಿಗೆ ಆರಿಸಿದ್ದಾರೆ ಎಂದು ಆಡಳಿತದಿಂದ ಹೇಳಿಕಳಿಸಿದರು. ಪುಣೆಯಲ್ಲಿ. ರೋಗಿಗಳ ಜೊತೆ ಹೇಗೆ ನಡೆದುಕೊಳ್ಳಬೇಕು, ಹೇಗೆ ಮಾತಾಡಬೇಕು ಎಂಬುದರ ಬಗ್ಗೆ. ಡಾಕ್ಟರು ಲಿಫ್ಟಿನ ಹತ್ತಿರ ಸಿಕ್ಕರು, ಅಭಿನಂದನೆ ಮ್ಯಾಡಮ್ ಎಂದರು. ನಾನು ಬೇಕೆಂದೇ ಕೇಳಿದೆ, ನಾನು ಹೋದರೆ ರಿಸೆಪ್ಷನ್ ನೋಡುವವರು ಯಾರು ಸರ್ ಎಂದು.

“ಅದಕ್ಕೇನು, ಯಾರಾದರೂ ಕೂರುತ್ತಾರೆ. ನೀವು ಆರಾಮಾಗಿ ಹೋಗಿ ಬನ್ನಿ” ಎಂದರು. ಲಿಫ್ಟು ಬಂತು, ಹತ್ತಿದರು.

ಮನೆಯಲ್ಲಿ ಗಂಡ ಪೂರ್ತಿ ಕೇಳುವ ಮೊದಲೇ ಕುಣಿದಾಡಿದರು. “ಕಡೀಗೂ ಕಳಿಸಾಕತ್ತಾರಲ್ಲ! ಜಲ್ದಿ ಟಿಕೆಟ್ ತಗಸ್ತೀನಿ ತಡಿ. ನಾ ಹೇಳಿದ್ನಿಲ್ಲ, ಒಂದಿನ ಕಳಿಸs ಕಳಿಸ್ತಾರಂತ?” ಎಂದರು. ಯಾವ ತರಬೇತಿ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ನಿಲ್ದಾಣಕ್ಕೆ ಬಂದು ನೀರಿನ ಬಾಟಲಿ ಕೊಡಿಸಿ, ಗಾಡಿ ಹೊರಟ ಮೇಲೂ ಕೈ ಬೀಸುತ್ತ ನಿಂತಿದ್ದರು. ಅವರ ಆ ಖುಷಿ ನನಗೆ ಡಾಕ್ಟರ ಮಾತಿಗಿಂತ ಹೆಚ್ಚು ನೋಯಿಸಿತು.

ಪುಣೆಯಲ್ಲಿ ದೊಡ್ಡದೊಂದು ತರಬೇತಿ ಕಟ್ಟಡ. ಆಸ್ಪತ್ರೆಗಳಿಗೆ ಸಂಬಂಧಪಟ್ಟ ಎಲ್ಲ ಪಾಠಗಳೂ ಅಲ್ಲೇ ನಡೆಯುತ್ತವೆ. ಒಳಗೆ ಕಾಲಿಟ್ಟರೆ ನೆಲಮಹಡಿಯಲ್ಲೇ ಗಾಜಿನ ಗೋಡೆಯ ದೊಡ್ಡ ಕೋಣೆ, ಅದರೊಳಗೆ ಸಿ.ಟಿ. ಯಂತ್ರ. ನಮ್ಮಲ್ಲಿರುವುದರ ಮುಂದಿನ ಮಾದರಿ. ಕಲಿಯಲು ಬಂದವರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು, ಪರದೆಯ ಮೇಲೆ ಯಾರದೋ ಶ್ವಾಸಕೋಶ ಪದರ ಪದರವಾಗಿ ತೆರೆಯುತ್ತಿತ್ತು. ನಾನು ಗಾಜಿನ ಹತ್ತಿರ ಹೋಗಿ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ, ಕಲಿಸುವ ಯುವಕ ನೋಡಿ ಬಾಗಿಲು ತೆರೆದ.

“ಸಿ.ಟಿ. ಬ್ಯಾಚಾ, ಮ್ಯಾಡಮ್? ಬನ್ನಿ ಬನ್ನಿ, ಈಗಷ್ಟೇ ಶುರುವಾಗಿದೆ” ಎಂದು ಖಾಲಿ ಕುರ್ಚಿ ತೋರಿಸಿದ.

ಹೌದು ಎಂದು ಹೋಗಿ ಕೂತುಬಿಡಬೇಕೆನಿಸಿತು. ಹೆಸರು ಕೇಳಿದಾಗ ಯಾರ ಹೆಸರು ಹೇಳುವುದು?

“ಅಲ್ಲ, ರಿಸೆಪ್ಷನ್” ಎಂದೆ.

“ಓ, ಅದು ಮೇಲೆ” ಎಂದು ಮೆಟ್ಟಿಲು ತೋರಿಸಿ, ಎ.ಸಿ. ಗಾಳಿ ಹೊರಗೆ ಹೋಗದಿರಲೆಂದು ಅವನು ಬಾಗಿಲು ಹಾಕಿಕೊಂಡ. ನಾನು ಮೆಟ್ಟಿಲು ಹತ್ತಿದೆ. ಮೇಲಿನ ಕೋಣೆಯಲ್ಲಿ ದೊಡ್ಡ ಕನ್ನಡಿಯ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಹೇಗೆ ನಗಬೇಕೆಂದು ಹೇಳಿಕೊಟ್ಟರು.